ಸುಣ್ಣ ಬಳಿಯುವ ಮೊದಲು ಮಾಳಿಗೆ ನೋಡಿ

ಬೇಸಿಗೆ ರಜೆ ಹತ್ತಿರ ಬಂತೆಂದರೆ ಅಮೆರಿಕದ ಅನೇಕ ಚರ್ಚುಗಳಲ್ಲಿ ಹದಿಹರೆಯದವರ ಪ್ರವಾಸಕ್ಕೆ ಸಿದ್ಧತೆ ನಡೆಯುತ್ತದೆ. ಊರು ನೋಡುವ ಪ್ರವಾಸವಲ್ಲ. ಪರದೇಶದ ಯಾವುದೋ ಹಳ್ಳಿಗೆ ಹೋಗಿ, ಬಡವರ ಮನೆಯ ಸೋರುವ ಸೂರು, ಕುಸಿದ ಗೋಡೆಗಳನ್ನು ಸರಿಪಡಿಸಿ ಬರುವ ಪ್ರವಾಸ. ಅಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳೂ ಸಹಪಾಠಿಗಳ ಜೊತೆ ಹೊರಡುವುದುಂಟು. ಫೋನಿನಲ್ಲಿ ಈ ಸುದ್ದಿ ಕೇಳಿದ ವಿಜಯಪುರದ ಅಜ್ಜನೊಬ್ಬ, "ಗೌಂಡಿ ಕೆಲಸ ಮಾಡಾಕ ವಿಮಾನ ಹತ್ತಿ ಹೋಗಬೇಕೇನೋ ತಮ್ಮಾ?" ಎಂದು ಕೇಳಿದರೆ ತಪ್ಪೇನಿಲ್ಲ. ನಗು ತರಿಸಿದರೂ ಅದು ಉತ್ತರ ಬೇಡುವ ಪ್ರಶ್ನೆ.

ಇಂಥ ಸೇವೆಗೆ ಒಂದು ಇತಿಹಾಸವಿದೆ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಪಿಯರ್ ಸೆರೆಸೋಲ್ ಎಂಬ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಕೆಲವು ಗೆಳೆಯರೊಡನೆ ಫ್ರಾನ್ಸಿನ ವರ್ದೂನ್ ಬಳಿಯ ಎಸ್ನ್ ಎಂಬ ಹಾಳಾದ ಹಳ್ಳಿಗೆ ಹೋದ. ಈತ ಸ್ವಿಸ್ ರಾಷ್ಟ್ರಾಧ್ಯಕ್ಷರಾಗಿದ್ದವರ ಮಗ, ದೈವಭಕ್ತ, ಯುದ್ಧದ್ವೇಷಿ. ಅವನ ತಂಡದಲ್ಲಿ ಜರ್ಮನರೂ ಇದ್ದರು. ನಿನ್ನೆಯವರೆಗೆ ಶತ್ರುಗಳಾಗಿದ್ದವರು ಗುದ್ದಲಿ ಹಿಡಿದು ಮನೆ ಕಟ್ಟಲು ಬಂದದ್ದನ್ನು ಎಲ್ಲರೂ ಒಪ್ಪಲಿಲ್ಲ. ಕೆಲವು ತಿಂಗಳಲ್ಲೇ ಶಿಬಿರ ಮುರಿಯಿತು. ಆದರೆ ಸೆರೆಸೋಲ್ ಕೈಬಿಡಲಿಲ್ಲ. 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾದಾಗ ಅವನು ನಮ್ಮ ದೇಶಕ್ಕೇ ಬಂದ. ಪರಿಹಾರ ಕಾರ್ಯದ ಮುಂಚೂಣಿಯಲ್ಲಿದ್ದ ರಾಜೇಂದ್ರ ಪ್ರಸಾದರನ್ನು ಕಂಡು, ಮುಂದಿನ ವರ್ಷಗಳಲ್ಲಿ ಮತ್ತೆ ಮತ್ತೆ ಬಂದು, ಹಳ್ಳಿಗರ ಜೊತೆ ಬಿಸಿಲಲ್ಲಿ ಮಣ್ಣು ಹೊತ್ತ.

ಸ್ವದೇಶದಲ್ಲೇ ಇಂಥ ಕೆಲಸಕ್ಕೆ ತೊಡಗಿದವರೂ ಉಂಟು. 1969ರಲ್ಲಿ ಗ್ಲೆನ್ ಇವಾನ್ಸ್ ಎಂಬ ಅಮೆರಿಕದ ಪಾದ್ರಿಯೊಬ್ಬರು 50 ಮಂದಿಯನ್ನು ಕೆಂಟಕಿಯ ಗುಡ್ಡಗಾಡಿನ ಬಾರ್ಬರ್‌ವಿಲ್‌ಗೆ ಕರೆದೊಯ್ದರು. ಆ ಬೇಸಿಗೆಯಲ್ಲಿ ಅವರು ದುರಸ್ತಿ ಮಾಡಿದ್ದು ನಾಲ್ಕು ಕುಟುಂಬಗಳ ಮನೆ. ಅದೇ ಇಂದಿಗೂ ನಡೆದಿರುವ 'ಅಪಲಾಚಿಯಾ ಸರ್ವಿಸ್ ಪ್ರಾಜೆಕ್ಟ್' ಸಂಸ್ಥೆಯ ಆರಂಭ. ಹೊಸ ಮನೆಯ ಆಸೆ ಹುಟ್ಟಿಸುವುದಲ್ಲ, ಇರುವ ಮನೆಯನ್ನೇ ಬೆಚ್ಚಗೆ, ಭದ್ರವಾಗಿ, ಸೋರದಂತೆ ಮಾಡಿಕೊಡುವುದು ಅವರ ಗುರಿ.

ಇನ್ನು ಆಕ್ಷೇಪಣೆಗಳು. ಒಂದು ವಾರಕ್ಕೆ ಬರುವ ಹುಡುಗನ ವಿಮಾನ ಟಿಕೆಟ್ಟಿನ ಹಣದಲ್ಲಿ ಆ ಹಳ್ಳಿಯ ಗೌಂಡಿಗೆ ಎಷ್ಟೋ ದಿನದ ಕೂಲಿ ಕೊಡಬಹುದು. ಕರಣಿ ಹಿಡಿದು ಗೊತ್ತಿಲ್ಲದವನು ಕಟ್ಟಿದ ಗೋಡೆಯನ್ನು ಮರುದಿನ ಬಿಚ್ಚಿ ಕಟ್ಟಬೇಕಾದೀತು. ಬಂದವರಿಗೆ ಪುಣ್ಯ, ಫೋಟೋ ಎರಡೂ ಸಿಕ್ಕವು, ಮನೆಯವರಿಗೆ ಸಿಕ್ಕಿದ್ದೇನು? ಈ ಮಾತುಗಳನ್ನು ತಳ್ಳಿಹಾಕುವಂತಿಲ್ಲ. ಕೆಲಸ ಸಾರ್ಥಕವಾಗಬೇಕಾದರೆ ಮನೆಯವರೇ ಅದರಲ್ಲಿ ಪಾಲುದಾರರಾಗಬೇಕು. 2006ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ತಮ್ಮ 82ನೆಯ ವಯಸ್ಸಿನಲ್ಲಿ ಪತ್ನಿಯೊಡನೆ ಪುಣೆ ಸಮೀಪದ ಲೋನಾವಳಾ ಪ್ರದೇಶಕ್ಕೆ ಬಂದರು. ಸುಮಾರು 2,000 ಸ್ವಯಂಸೇವಕರು ಸೇರಿ 100 ಮನೆ ಕಟ್ಟಿದ ಕೆಲಸ ಅದು. ಏರ್ಪಾಡು ಮಾಡಿದ್ದ 'ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ' ಸಂಸ್ಥೆಯ ಪದ್ಧತಿಯಂತೆ, ಮನೆ ಪಡೆಯುವವರೂ ಕೆಲಸಕ್ಕೆ ಕೈ ಹಚ್ಚಬೇಕು. ಆಗ ಅದು ದಾನ ಎನಿಸುವುದಿಲ್ಲ, ತಮ್ಮ ಮನೆ ಎನಿಸುತ್ತದೆ.

ಈ ಪಾಠ ಕಲಿಯಲು ನಮ್ಮ ಮಕ್ಕಳು ಪಾಸ್‌ಪೋರ್ಟ್ ಮಾಡಿಸಬೇಕಾಗಿಲ್ಲ. ಬಬಲೇಶ್ವರದ ಕಡೆಯ ಒಂದು ಹಳ್ಳಿಯಲ್ಲಿ ಕಾಲೇಜು ಹುಡುಗರ ಶಿಬಿರ ನಡೆದಿತ್ತು. ಸುಣ್ಣದ ಬಕೀಟು ಹಿಡಿದು ಬಂದ ಹುಡುಗರನ್ನು ಒಬ್ಬ ಅಜ್ಜಿ ಬಾಗಿಲಲ್ಲೇ ತಡೆದಳು. "ಸುಣ್ಣ ಆಮ್ಯಾಲ ಬಳೀರೆಪಾ. ಮೊದಲ ಮಾಳಿಗಿ ಹತ್ತಿ ನೋಡ್ರಿ. ಮಳಿ ಬಂದ್ರ ಎಲ್ಲೆಲ್ಲಿ ಸೋರತೈತಿ ನಾ ತೋರಸ್ತೀನಿ" ಎಂದಳು. ಊರ ಗೌಂಡಿಯನ್ನು ಕರೆಸಲಾಯಿತು. ಅವನು ಒಳಗಿನಿಂದ ತೊಲೆ, ಜಂತಿ ತಟ್ಟಿ ನೋಡಿ, ಭಾರ ತಾಳುತ್ತದೆಂದು ಖಾತ್ರಿಯಾದ ಮೇಲೆ ಇಬ್ಬರನ್ನು ಮಾತ್ರ ಮೇಲೆ ಕರೆದ. ಮಾಳಿಗೆಯ ಮೇಲೆ ಹುಲ್ಲು ಬೆಳೆದಿತ್ತು. ನೀರು ಹೋಗುವ ಕಿಂಡಿ ಕಟ್ಟಿತ್ತು. ಹುಡುಗನೊಬ್ಬ, "ಆಯೀ, ಹೊಲದಾಗಿನ ಎರಿ ಮಣ್ಣ ತಂದು ಹಾಕೋಣೇನ್ರಿ?" ಎಂದ. ಅಜ್ಜಿ ನಕ್ಕಳು. "ಅದು ಬ್ಯಾಸಿಗ್ಯಾಗ ಬಿರಿತೈತಿ. ಸವಳು ಮಣ್ಣು ತರ್ರಿ."

ಶಾಲೆಯ ಮುಖ ನೋಡದ ಆ ಅಜ್ಜಿ ಹೇಳಿದ್ದು ಶುದ್ಧ ವಿಜ್ಞಾನ. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಸವಳು ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ಮಳೆ ಹನಿ ಬಿದ್ದಾಗ ಅದರ ಜೇಡಿಯ ನುಣ್ಣನೆಯ ಕಣಗಳು ಬಿಡಿ ಬಿಡಿಯಾಗಿ ಹರಡಿ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಹೊಲಕ್ಕೆ ಬಂದರೆ ಶಾಪವಾಗುವ ಈ ಮಣ್ಣು ಮಾಳಿಗೆಗೆ ವರ.

ಆದರೆ ಮಣ್ಣಿನ ಮಾಳಿಗೆಯಲ್ಲಿ ಅಪಾಯವೂ ಇದೆ. ವಿದ್ಯಾರ್ಥಿಗಳೇ ಲೆಕ್ಕ ಹಾಕಿ ನೋಡಲಿ. 10 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ಮೇಲೆ ಒಂದು ಅಡಿ ಮಣ್ಣಿದ್ದರೆ ಅದು 100 ಘನ ಅಡಿ. ತೂಕ ಸುಮಾರು ನಾಲ್ಕೂವರೆ ಟನ್. ಸೋರಿತೆಂದು ಹಳೆಯದನ್ನು ತೆಗೆಯದೆ ಮೂರು ಇಂಚು ಮಣ್ಣು ಹಾಕಿದರೆ ಮತ್ತೊಂದು ಟನ್ನಿಗೂ ಹೆಚ್ಚು ಸೇರುತ್ತದೆ. ನೀರು ಹೀರಿದರೆ ಇನ್ನೂ ಭಾರ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪವಾದಾಗ ನೆಲ ನಡುಗಿದ್ದು ವಿಜಯಪುರದವರಿಗೂ ತಿಳಿಯಿತು. ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ 7 ಸಾವಿರಕ್ಕೂ ಹೆಚ್ಚು ಜನ ಸತ್ತರು. ಕೆಸರಿನಲ್ಲಿ ಕಟ್ಟಿದ ಕಲ್ಲಿನ ಗೋಡೆ, ಅದರ ಮೇಲೆ ದಪ್ಪ ಮಣ್ಣಿನ ಹೊರೆ. ಮಲಗಿದ್ದವರ ಮೇಲೆ ಬಿದ್ದದ್ದು ಇವೇ. ಆಮೇಲೆ ಎಂಜಿನಿಯರುಗಳು ಉಳಿದ ಮನೆಗಳಿಗೆ ಹೇಳಿದ ಉಪಾಯ ಸರಳ: ಮಾಳಿಗೆಯ ಹೆಚ್ಚಿನ ಮಣ್ಣು ಇಳಿಸಿ, ಗೋಡೆಯ ಒಳ-ಹೊರ ಮುಖಗಳನ್ನು ಹಿಡಿದಿಡುವಂತೆ ಅಲ್ಲಲ್ಲಿ ಅಡ್ಡಗಲ್ಲು ಸೇರಿಸಿ, ಕಂಬ-ತೊಲೆಗಳ ಸಂದಿಗೆ ಓರೆ ಆಸರೆ ಕೊಡಿ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದ ಮೇಲೆ ಮಳೆ ಮುರಿದು ಬಿದ್ದಾಗ ಈ ಭಾಗದ ಮಣ್ಣಿನ ಮನೆಗಳು ನೆನೆದು ನೆನೆದು ಕುಸಿದವು. ಸರಕಾರ 'ಆಸರೆ' ಯೋಜನೆ ತಂದಿತು. ದಾನಿಗಳು ಮುಂದೆ ಬಂದರು. ಹೊಸ ಮನೆಗಳೂ ಎದ್ದವು. ಬಿದ್ದ ಮನೆಗೆ ಇಷ್ಟು ಜನ ಓಡಿಬರುತ್ತಾರೆ. ಬೀಳಲಿರುವ ಮನೆಗೆ ಬರುವವರು ಯಾರು? ಗೋಳಗುಮ್ಮಟದಲ್ಲಿ ಬಿರುಕು ಕಂಡರೆ ನೋಡಿಕೊಳ್ಳಲು ಪುರಾತತ್ವ ಇಲಾಖೆ ಇದೆ. ತಿಕೋಟಾ ಕಡೆಯ ಮಾಳಿಗೆ ಮನೆಗೆ ಮನೆಯವರೇ ಇಲಾಖೆ. ಅವರಿಗೆ ವಯಸ್ಸಾಗಿದ್ದರೆ, ಮಕ್ಕಳು ದುಡಿಯಲು ಪುಣೆಗೋ ಗೋವಾಕ್ಕೋ ಹೋಗಿದ್ದರೆ, ಮಾಳಿಗೆಯ ಹುಲ್ಲು ಕೀಳುವವರೂ ಇಲ್ಲ.

ಇಲ್ಲಿಯೇ ವಿದ್ಯಾರ್ಥಿಗಳಿಗೆ ಕೆಲಸವಿದೆ. ಇವಾನ್ಸ್ ಕೆಂಟಕಿಗೆ ಹೋದ ಅದೇ 1969ರಲ್ಲಿ, ಸೆಪ್ಟೆಂಬರ್ 24ರಂದು, ನಮ್ಮಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ ಅದು. ಏಳು ದಿನದ ಶಿಬಿರದಲ್ಲಿ ಮನೆ ಕಟ್ಟಲಾಗದು ನಿಜ. ಆದರೆ ಕಿಂಡಿ ಬಿಡಿಸಬಹುದು, ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಕಾಲುವೆ ತೆಗೆಯಬಹುದು, ಗೌಂಡಿ ಇಳಿಸಿದ ಮಣ್ಣನ್ನು ಹೊತ್ತು ಹಾಕಬಹುದು. ಜಂತಿ ಹುಳು ಹಿಡಿದಿದ್ದರೆ, ಗೋಡೆ ಹೊಟ್ಟೆ ಬಿಟ್ಟಿದ್ದರೆ ಮುಟ್ಟದೆ, ಪಂಚಾಯಿತಿಗೆ ಅರ್ಜಿ ಬರೆದುಕೊಡುವುದೂ ಸೇವೆಯೇ.

ಪಾಲಕರಿಗೂ ಒಂದು ಮಾತು. ಪಿಯುಸಿ ಅಂಕ, ಸಿಇಟಿ ರ್‍ಯಾಂಕಿನ ನಡುವೆ ಮಗ ಮಣ್ಣು ಹೊತ್ತು ಬಂದನೆಂದು ಸಿಡುಕಬೇಡಿ. ಭಾರ, ಇಳಿಜಾರು, ತೇವ ಎಂಬ ಮಾತುಗಳು ಅವನಿಗೆ ಪುಸ್ತಕಕ್ಕಿಂತ ಚೆನ್ನಾಗಿ ಅಲ್ಲಿ ಅರ್ಥವಾಗಿರುತ್ತವೆ. ಮಗಳನ್ನೂ ಕಳಿಸಿ. ಮನೆ ಸೋರಿದರೆ ರಾತ್ರಿಯಿಡೀ ಪಾತ್ರೆ ಇಡುತ್ತಾ ಎಚ್ಚರವಿರುವವಳು ಹೆಣ್ಣುಮಗಳೇ ಅಲ್ಲವೆ? ಮುಂದೆ ಯಾವುದೋ ದೇಶಕ್ಕೆ ಸೇವೆಗೆಂದು ಹೋಗುವ ಅವಕಾಶ ಬಂದರೆ ಸಂತೋಷವಾಗಿ ಹೋಗಲಿ. ಅಲ್ಲಿಯೂ ಒಬ್ಬ ಗೌಂಡಿ ಇರುತ್ತಾನೆ, ಎಲ್ಲಿ ಸೋರುತ್ತದೆಂದು ಬಲ್ಲ ಒಬ್ಬ ಅಜ್ಜಿ ಇರುತ್ತಾಳೆ. ಮೊದಲು ಅವರನ್ನು ಕೇಳಬೇಕೆಂಬ ತಿಳಿವಳಿಕೆ ಇಲ್ಲಿಂದಲೇ ಹೋಗಿರಲಿ.