ಯಂತ್ರದ ಉಸಿರು

ಮನುಷ್ಯನಿಗೆ ಅನ್ನ ಎಷ್ಟು ಮುಖ್ಯವೋ ಗಾಳಿಯೂ ಅಷ್ಟೇ ಮುಖ್ಯ. ಮೋಟಾರು ಯಂತ್ರದ ವಿಷಯದಲ್ಲಿಯೂ ಈ ಮಾತು ಸತ್ಯವೇ. ಪೆಟ್ರೋಲು ಅದರ ಅನ್ನ. ಗಾಳಿ ಅದರ ಉಸಿರು. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಸುಮಾರು 15 ಗ್ರಾಂ ಗಾಳಿ ಬೇಕು. ಗಾಳಿ ಸಾಲದೆ ಹೋದರೆ ಯಂತ್ರ ಕರಿಹೊಗೆಯನ್ನು ಕಾರುತ್ತದೆ. ಪೆಟ್ರೋಲು ಸಾಲದೆ ಹೋದರೆ ಮುಗ್ಗರಿಸಿ ನಿಲ್ಲುತ್ತದೆ. ಇವೆರಡನ್ನೂ ಹದವರಿತು ಬೆರೆಸುವ ಬಾಣಸಿಗನೇ ಕಾರ್ಬ್ಯುರೇಟರ್. ಊಟ ರುಚಿಸದಿದ್ದರೆ ಬಾಣಸಿಗನನ್ನು ಹಳಿಯುವುದು ಲೋಕರೂಢಿ. ಸೌದೆ ಹಸಿಯಾಗಿತ್ತೇ ಎಂದು ವಿಚಾರಿಸುವವರು ವಿರಳ.

ಈ ಲೋಕರೂಢಿಯ ಸ್ವರೂಪವನ್ನು ನನಗೆ ತಿಳಿಸಿಕೊಟ್ಟದ್ದು ನಮ್ಮ ಮನೆಯ ಮಾರಿಸ್ ಮೈನರ್ ಕಾರು. ಅಲೆಕ್ ಇಸಿಗೋನಿಸ್ ಎಂಬ ಶಿಲ್ಪಿ ರೂಪಿಸಿದ ಈ ಕಾರು 1948ರಲ್ಲಿ ಇಂಗ್ಲೆಂಡಿನಲ್ಲಿ ಬೆಳಕು ಕಂಡಿತು. ತಯಾರಾದ ಕಾರುಗಳ ಸಂಖ್ಯೆ 10 ಲಕ್ಷವನ್ನು ಮುಟ್ಟಿದ ಮೊದಲ ಬ್ರಿಟಿಷ್ ಕಾರೆಂಬ ಕೀರ್ತಿ ಇದರದು. ನಮ್ಮದು 948 ಘನ ಸೆಂಟಿಮೀಟರಿನ ಯಂತ್ರವುಳ್ಳದ್ದು. ಆ ಯಂತ್ರ ಈ ಕಾರಿಗೆ ಬಂದದ್ದು 1956ರಲ್ಲಿ. ಮೊದಲು ಅದು ನನ್ನ ಸೋದರಮಾವನ ಕಾರಾಗಿತ್ತು. ಅವರು ತೀರಿಕೊಂಡ ಬಳಿಕ ಮೈಸೂರಿನ ನಮ್ಮ ಮನೆಗೆ ಬಂದಿತು. ನನ್ನ ತಾಯಿಗೆ ಅದು ಕೇವಲ ವಾಹನವಲ್ಲ, ಅಣ್ಣನ ನೆನಪು. ಬೀದಿಯ ತಿರುವಿನಲ್ಲಿ ಅದರ ಸದ್ದು ಕೇಳಿಸಿದರೆ ಸಾಕು, ಒಲೆಯ ಮೇಲೆ ಕಾಫಿಗೆ ನೀರಿಡುವುದು ಆಕೆಗೆ ವರ್ಷಗಳ ಅಭ್ಯಾಸವಾಗಿತ್ತು.

ಈ ಕಾರಿನ ಎಸ್.ಯು. ಕಾರ್ಬ್ಯುರೇಟರಿಗೆ ತನ್ನದೇ ಆದ ಒಂದು ಕಥೆಯುಂಟು. ಎಸ್.ಯು. ಎಂದರೆ ಸ್ಕಿನ್ನರ್ಸ್ ಯೂನಿಯನ್. ಪಾದರಕ್ಷೆಗಳ ವ್ಯಾಪಾರದ ಮನೆತನದಲ್ಲಿ ಹುಟ್ಟಿದ ಸ್ಕಿನ್ನರ್ ಸಹೋದರರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇದನ್ನು ರೂಪಿಸಿದರು. ಆರಂಭದಲ್ಲಿ ಅದರೊಳಗೆ ಕಮ್ಮಾರನ ತಿದಿಯನ್ನು ಹೋಲುವ ಚರ್ಮದ ಚೀಲವಿತ್ತು. ಕಾಲಕ್ರಮದಲ್ಲಿ ಆ ಸ್ಥಾನಕ್ಕೆ ಲೋಹದ ಪಿಸ್ಟನ್ ಬಂದಿತು. ಯಂತ್ರವು ಹೆಚ್ಚು ಗಾಳಿಯನ್ನು ಎಳೆದುಕೊಂಡಂತೆ ಈ ಪಿಸ್ಟನ್ ಮೇಲೇಳುತ್ತದೆ. ಅದರ ತಳದಲ್ಲಿರುವ, ತುದಿಗೆ ಹೋದಂತೆ ಸಣ್ಣಗಾಗುವ ಸೂಜಿಯೂ ಜೊತೆಗೇ ಏರಿ ಪೆಟ್ರೋಲಿನ ರಂಧ್ರವನ್ನು ಅಗಲಿಸುತ್ತದೆ. ಗಾಳಿ ಎಷ್ಟೋ ಪೆಟ್ರೋಲು ಅಷ್ಟು. ಎಷ್ಟು ಸರಳವಾದ ಉಪಾಯ!

ಕೆಲವು ವರ್ಷಗಳ ಹಿಂದೆ ಈ ಕಾರಿಗೆ ವ್ಯಾಧಿಯೊಂದು ಅಂಟಿಕೊಂಡಿತು. ನಿಂತಲ್ಲಿ ನಡುಗುವುದು, ಕರಿಹೊಗೆ ಉಗುಳುವುದು, ಪೆಟ್ರೋಲಿನ ವಾಸನೆ. ನೋಡಿದವರೆಲ್ಲರೂ ಕಾರ್ಬ್ಯುರೇಟರಿನ ಮೇಲೆಯೇ ದೋಷ ಹೊರಿಸಿದರು. ಒಂದು ಗ್ಯಾರೇಜಿನಲ್ಲಿ ಅದನ್ನು ಬಿಚ್ಚಿ, ತಿರುಗಿಸಿ, ಕೊನೆಗೆ, “ಇದರ ಆಯುಸ್ಸು ಮುಗಿಯಿತು, ಗಾಡಿಯನ್ನು ತೂಕಕ್ಕೆ ಹಾಕಿಬಿಡಿ” ಎಂದರು. ಗುಜರಿಯವನೊಬ್ಬನು ಬಂದು ಬೆಲೆಯನ್ನೂ ಕಟ್ಟಿಹೋದನು. ತಾಯಿ ಏನೂ ಆಡಲಿಲ್ಲ. ಆದರೆ ಆ ದಿನ ಆಕೆ ಅಂಗಳಕ್ಕೆ ಕಾಲಿಡಲಿಲ್ಲ.

ಕಡೆಯ ಪ್ರಯತ್ನವೆಂದು ಹಿರಿಯ ಮಿಸ್ತ್ರಿಯೊಬ್ಬರನ್ನು ಕರೆತಂದೆ. ಅವರು ಕಾರ್ಬ್ಯುರೇಟರನ್ನು ಮುಟ್ಟಲೇ ಇಲ್ಲ. “ಕಾರ್ಬ್ಯುರೇಟರಿನ ರೋಗವೆಂದು ಬರುವ ಗಾಡಿಗಳಲ್ಲಿ ಬಹಳಷ್ಟಕ್ಕೆ ಇರುವುದು ಕಿಡಿಯ ರೋಗ. ಮೊದಲು ಅದನ್ನು ನೋಡೋಣ” ಎಂದರು. ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ ಬೆಳಕಿಗೆ ಹಿಡಿದರು. ಅವುಗಳ ತುದಿ ತಿಳಿಕಂದು ಬಣ್ಣಕ್ಕಿದ್ದರೆ ಮಿಶ್ರಣ ಸರಿ. ಬಿಳಿಚಿಕೊಂಡಿದ್ದರೆ ಪೆಟ್ರೋಲು ಕಡಮೆ. ಮಸಿ ಕಟ್ಟಿದ್ದರೆ ಹೆಚ್ಚು. ನಮ್ಮವು ಕಾಡಿಗೆಯಂತಿದ್ದವು. ಅನಂತರ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ನಡುವಣ ಅಂತರವನ್ನು ಅಳೆದರು. ಒಂದು ಅಂಗುಲದ ಸಾವಿರದಲ್ಲಿ 15 ಭಾಗದಷ್ಟಿರಬೇಕಾದ ಅಂತರ ಅದರ ಅರ್ಧವೂ ಇರಲಿಲ್ಲ. ಅದನ್ನು ಸರಿಪಡಿಸಿದಾಗ ನಡುಕ ತಗ್ಗಿತು, ಹೊಗೆ ಮಾತ್ರ ಉಳಿಯಿತು.

“ಈಗ ಎರಡನೆಯ ಪ್ರಶ್ನೆ” ಎಂದು ಅವರು ಕಿವಿಗೊಟ್ಟು ನಿಂತರು. ಈ ಕಾರಿನ ಪೆಟ್ರೋಲ್ ಪಂಪು ವಿದ್ಯುತ್ತಿನದು. ಕೀಲಿಕೈ ತಿರುಗಿಸಿದೊಡನೆ ಟಿಕ್ ಟಿಕ್ ಎಂದು ಬಡಿದು, ಕಾರ್ಬ್ಯುರೇಟರಿನ ಪಕ್ಕದ ತೇಲುಕೋಣೆ ತುಂಬುತ್ತಲೇ ಮೌನವಾಗಬೇಕು. ನಮ್ಮದು ಮೌನವಾಗಲಿಲ್ಲ, ಜೊತೆಗೆ ಹೊರಹರಿವಿನ ಕೊಳವೆಯಿಂದ ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಕೋಣೆಯ ಮುಚ್ಚಳ ತೆರೆದು ಹಿತ್ತಾಳೆಯ ತೇಲುಬುರುಡೆಯನ್ನು ಹೊರತೆಗೆದು ಕಿವಿಯ ಬಳಿ ಅಲುಗಿಸಿದರು. ಎಳನೀರಿನಂತೆ ಒಳಗೆ ಕುಲುಕಾಡಿತು! ತೇಲಬೇಕಾದದ್ದು ಮುಳುಗಿದರೆ ಬಾಗಿಲು ಮುಚ್ಚುವವರಾರು? ಬಿಸಿನೀರಿನಲ್ಲಿ ಅದ್ದಿದಾಗ ಸೂಜಿಮೊನೆಯಷ್ಟು ರಂಧ್ರದಿಂದ ಗುಳ್ಳೆಗಳು ಸಾಲಾಗಿ ಎದ್ದವು.

ಒಳಗಿನ ಪೆಟ್ರೋಲೆಲ್ಲ ಆವಿಯಾಗಿ ಹೋದುದನ್ನು ಖಚಿತಪಡಿಸಿಕೊಂಡ ಮೇಲೆಯೇ ಅವರು ಬೆಸುಗೆಗೆ ಕೈಹಾಕಿದರು. ಪೆಟ್ರೋಲಿನ ಬಳಿ ಅವಸರ ಸಲ್ಲದು. ಬೆಸುಗೆಯೂ ತೊಟ್ಟಿನಷ್ಟೇ. ಹೆಚ್ಚಾದರೆ ಬುರುಡೆ ಭಾರವಾಗಿ ಪೆಟ್ರೋಲಿನ ಮಟ್ಟ ಏರುತ್ತದೆ.

ಹೊಗೆಯೇನೋ ನಿಂತಿತು. ಆದರೆ ಪರೀಕ್ಷೆಗೆಂದು ಪಿಸ್ಟನ್ನನ್ನು ಸುಮಾರು ಒಂದು ಮಿಲಿಮೀಟರಿನಷ್ಟು ಎತ್ತಿದೊಡನೆ ಯಂತ್ರ ಆರಿಹೋಯಿತು. ಹಾಗೆ ಎತ್ತಿದಾಗ ವೇಗವೇರಿ ಏರಿಯೇ ಉಳಿದರೆ ಪೆಟ್ರೋಲು ಹೆಚ್ಚೆಂದೂ, ಆರಿದರೆ ಕಡಮೆಯೆಂದೂ, ಕ್ಷಣಮಾತ್ರ ಏರಿ ಮೊದಲಿನಂತಾದರೆ ಸರಿಯೆಂದೂ ತಿಳಿಯಬೇಕು. ಹೆಚ್ಚಾಗಿದ್ದ ಪೆಟ್ರೋಲು ಈಗ ಕಡಮೆಯಾದದ್ದೇಕೆ? ಮಿಸ್ತ್ರಿ ನಕ್ಕರು. ತೂತಾದ ಬುರುಡೆಯಿಂದ ಉಕ್ಕಿದ ಪೆಟ್ರೋಲನ್ನು ತಡೆಯಲು ಹಿಂದೆ ಯಾರೋ ತಳದ ನಟ್ಟನ್ನು ಮೇಲೆ ಮೇಲೆ ತಿರುಗಿಸಿ ರಂಧ್ರವನ್ನು ಕಿರಿದುಗೊಳಿಸಿದ್ದರು. ಒಂದು ದೋಷವನ್ನು ಮುಚ್ಚಲು ಇನ್ನೊಂದು ದೋಷ! ಆರು ಮುಖಗಳ ಆ ನಟ್ಟನ್ನು ಒಮ್ಮೆಗೆ ಒಂದೇ ಮುಖದಷ್ಟು ಇಳಿಸುತ್ತ, ಪ್ರತಿಸಲವೂ ಪಿಸ್ಟನ್ ಎತ್ತಿ ನೋಡುತ್ತ ಅವರು ಸಾಗಿದರು. “ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣವಾದದ್ದು ಯಾವುದರಿಂದ ಎಂದು ಹೇಳುವವರಾರು?” ಎಂದು ಕೇಳಿ, ಪ್ರತಿ ಬದಲಾವಣೆಯನ್ನೂ ನನ್ನಿಂದ ಪುಸ್ತಕದಲ್ಲಿ ಬರೆಸಿದರು. ಕಡೆಗೆ, ಬತ್ತಿಹೋಗಿದ್ದ ಡ್ಯಾಂಪರಿಗೆ ತೆಳುವಾದ ಎಣ್ಣೆ ತುಂಬಿದರು. ಎಣ್ಣೆಯಿಲ್ಲದಿದ್ದರೆ ಪಿಸ್ಟನ್ ತಟ್ಟನೆ ಹಾರಿ, ವೇಗ ಹೆಚ್ಚಿಸುವಾಗ ಯಂತ್ರ ಮುಗ್ಗರಿಸುತ್ತದೆ.

ಸಂಜೆಯ ವೇಳೆಗೆ ಯಂತ್ರದ ಉಸಿರು ನಿದ್ರಿಸುವ ಮಗುವಿನ ಉಸಿರಿನಂತೆ ಸಮವಾಯಿತು. ಒಳಗಿನಿಂದ ಕಾಫಿಯ ಪರಿಮಳ ಬಂದಿತು. ಯಾರೂ ಕೇಳಿರಲಿಲ್ಲ, ಸದ್ದು ಕೇಳಿಸಿತ್ತು, ಅಷ್ಟೆ.

ಇಂದಿನ ಕಾರುಗಳಲ್ಲಿ ಕಾರ್ಬ್ಯುರೇಟರ್ ಇಲ್ಲ. 2020ರ ಏಪ್ರಿಲಿನಲ್ಲಿ ಬಿ.ಎಸ್. 6 ನಿಯಮ ಬಂದ ಮೇಲೆ ಹೊಸ ದ್ವಿಚಕ್ರವಾಹನಗಳಿಂದಲೂ ಅದು ಬಹುಮಟ್ಟಿಗೆ ಮರೆಯಾಯಿತು. ಪೆಟ್ರೋಲಿನ ಅಳತೆಯನ್ನು ಈಗ ಗಣಕವು ನೋಡಿಕೊಳ್ಳುತ್ತದೆ. ದೋಷದ ಸಂಕೇತವನ್ನೂ ತಿಳಿಸುತ್ತದೆ. ಆದರೆ ಆ ಸಂಕೇತವು ಎಲ್ಲಿ ಹುಡುಕಬೇಕೆಂದು ತೋರಿಸಬಲ್ಲುದೇ ಹೊರತು, ಕಾರಣವನ್ನು ಹುಡುಕುವ ಹೊಣೆ ಮನುಷ್ಯನದೇ. ತೀರ್ಪಿಗೆ ಮೊದಲು ವಿಚಾರಣೆ ನಡೆಯಬೇಕು. ಪ್ರಶ್ನೆಗಳನ್ನು ಕ್ರಮವಾಗಿ, ಒಂದೊಂದಾಗಿ ಕೇಳಬೇಕು. ಯಂತ್ರಕ್ಕೆ ಸುಳ್ಳು ಹೇಳಲು ಬಾರದು. ನಾವು ಸರಿಯಾಗಿ ಕೇಳಿದ್ದಕ್ಕೆಲ್ಲ ಅದು ತನ್ನ ಭಾಷೆಯಲ್ಲಿ ಉತ್ತರ ಕೊಟ್ಟೇ ಕೊಡುತ್ತದೆ.