ಪಾದಪದ ದಾಹ

ಸಂಸ್ಕೃತದಲ್ಲಿ ಮರಕ್ಕಿರುವ ಅನೇಕ ಹೆಸರುಗಳಲ್ಲಿ ‘ಪಾದಪ’ ಎಂಬುದೂ ಒಂದು. ಪಾದದಿಂದ ನೀರನ್ನು ಕುಡಿಯುವುದರಿಂದ ಅದಕ್ಕೆ ಆ ಹೆಸರು. ಮೂವತ್ತುಮೂರು ವರ್ಷಕಾಲ ಹುಡುಗರಿಗೆ ಈ ಶಬ್ದವನ್ನು ಬಿಡಿಸಿ ಹೇಳುತ್ತ ಬಂದವನು ನಾನು. ಆದರೆ ಪಾದವನ್ನು ಕಡಿದು, ಮೈಯನ್ನು ಸೀಳಿ ಹಲಗೆಮಾಡಿದ ಮೇಲೆಯೂ ಮರವು ಕುಡಿಯುವ ಅಭ್ಯಾಸವನ್ನು ಬಿಡುವುದಿಲ್ಲವೆಂಬ ಸಂಗತಿಯು ನನಗೆ ಚೆನ್ನಾಗಿ ಮನದಟ್ಟಾದುದು ನಿವೃತ್ತನಾದ ತರುವಾಯ, ಮನೆಯ ಒಂದು ಕೋಣೆಗೆ ಹಲಗೆಯ ನೆಲವನ್ನು ಹಾಕಿಸಿದಾಗ.

ನಮ್ಮ ಊರು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಮಗ್ಗುಲಿಗಿದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕು ಮಳೆ ಬೀಳುವುದೆಂಬುದು ವಾಚಕರಿಗೆ ತಿಳಿದ ವಿಷಯವೇ. ನಮಗೆ ಅಷ್ಟಿಲ್ಲ, ಆದರೂ ಜ್ಯೇಷ್ಠದಿಂದ ಭಾದ್ರಪದದವರೆಗೆ ಉಪ್ಪು ಭರಣಿಯೊಳಗೇ ನೀರೊಡೆಯುವುದು, ಪುಸ್ತಕಗಳ ರಟ್ಟಿಗೆ ಬೂಷ್ಟು ಹಿಡಿಯುವುದು. ಇಂಥ ದಿನಗಳಲ್ಲಿ ಎಂಬತ್ತಮೂರು ವರ್ಷದ ನಮ್ಮ ತಾಯಿಯವರು ಕಾವಿಯ ನೆಲದ ಮೇಲೆ ಕಾಲಿಟ್ಟರೆ ಮೊಳಕಾಲಿನವರೆಗೂ ಜೋಮು ಹತ್ತುತ್ತಿತ್ತು. ಚಪ್ಪಲಿ ಮೆಟ್ಟಿ ಮನೆಯೊಳಗೆ ತಿರುಗುವುದಕ್ಕೆ ಅವರು ಜನ್ಮದಲ್ಲಿ ಒಪ್ಪತಕ್ಕವರಲ್ಲ. ಒಂದೇ ಮಳೆಗಾಲದಲ್ಲಿ ಎರಡು ಸಲ ರಾತ್ರಿ ಎದ್ದು ಕಾಲು ನಿಲ್ಲದೆ ಬಿದ್ದರು. ಮೂರನೆಯ ಸಲ ಬಿದ್ದರೆ ಸೊಂಟದ ಮೂಳೆ ಉಳಿಯದೆಂದು ವೈದ್ಯರು ಹೇಳಿದರು. ಆದುದರಿಂದ ಅವರ ಕೋಣೆಗೆ ಬೆಚ್ಚನೆಯ ಮರದ ನೆಲವಾಗಬೇಕೆಂದು ಬೆಂಗಳೂರಿನಲ್ಲಿರುವ ನನ್ನ ಮಗನು ನಿಶ್ಚಯಿಸಿದನು.

ಮುಂದಿನ ಜ್ಯೇಷ್ಠದಲ್ಲಿ ಅವನು ಹತ್ತು ದಿನದ ರಜೆ ಪಡೆದು, ಒಂದರ ಅಂಚು ಇನ್ನೊಂದರ ಅಂಚಿನೊಳಗೆ ಹೊಕ್ಕು ಕೂರುವಂತೆ ಕೊರೆದ ತೇಗದ ಹಲಗೆಗಳನ್ನು ಲಾರಿಯಲ್ಲಿ ಹಾಕಿಸಿಕೊಂಡು ಬಂದನು. ಬಿಸಿಗಾಳಿಯ ಗೂಡಿನಲ್ಲಿ ಒಣಗಿಸಿದ ಮರ. ತೇವ ಶೇಕಡಾ 9 ಮಾತ್ರ. ನಮ್ಮ ಆಚಾರಿಯು ಒಂದು ಹಲಗೆಯನ್ನೆತ್ತಿ ಬೆರಳಿನಿಂದ ತಟ್ಟಿ ನೋಡಿ, “ಮೇಷ್ಟರೇ, ಇದು ಬಯಲುಸೀಮೆಯ ಗಾಳಿಗೆ ಒಣಗಿದ ಮರ. ಬಾಯಾರಿ ಬಂದಿದೆ. ಈಗ ಜಡಿದರೆ ಕುಡಿದು ಕುಡಿದು ಉಬ್ಬಿ ಎದ್ದೀತು. ದೀಪಾವಳಿ ಕಳೆಯಲಿ,” ಎಂದನು. ಮಗನಿಗೆ ಇದು ರುಚಿಸಲಿಲ್ಲ. “ಅಪ್ಪಯ್ಯ, ಹಸಿಮರಕ್ಕೆ ಹೆದರಬೇಕು ಸರಿ. ಒಣಮರಕ್ಕೂ ಹೆದರುವುದುಂಟೆ? ಅಷ್ಟರಲ್ಲಿ ಅಜ್ಜಿ ಮತ್ತೆ ಬಿದ್ದರೆ?” ಎಂದನು. ಅವನ ಕೊನೆಯ ಪ್ರಶ್ನೆಗೆ ನನ್ನಲ್ಲಿಯೂ ಉತ್ತರವಿರಲಿಲ್ಲ. ಆದರೆ ಮೊದಲನೆಯದಕ್ಕೆ ಉತ್ತರವುಂಟು. ಮನೆಗೆ ಮರ ತರಿಸುವ ಪ್ರತಿಯೊಬ್ಬ ಗೃಹಸ್ಥನೂ ಅದನ್ನು ತಿಳಿದಿರತಕ್ಕದ್ದು.

ಹಸಿಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಒಂದು, ಮರದ ಸೂಕ್ಷ್ಮ ಕೋಶಗಳ ಪೊಳ್ಳಿನಲ್ಲಿ. ಇನ್ನೊಂದು, ಆ ಕೋಶಗಳ ಗೋಡೆಯಲ್ಲಿಯೇ ಹೀರಿಕೊಂಡು ನಿಂತದ್ದು. ಪೊಳ್ಳಿನ ನೀರು ಬರಿದಾದರೂ ಮರದ ಅಳತೆ ಬದಲಾಗದು. ಒಣಮರದ ತೂಕ ನೂರಾದರೆ ನೀರು ಇಪ್ಪತ್ತೆಂಟು ಮೂವತ್ತಕ್ಕೆ ಇಳಿಯುವವರೆಗೂ ಇದೇ ಸ್ಥಿತಿ. ಆ ಬಳಿಕ ಗೋಡೆಯ ನೀರು ಹೊರಡತೊಡಗಿದರೆ ಮರ ಕುಗ್ಗುತ್ತದೆ. ಮರಳಿ ಸೇರಿದರೆ ಹಿಗ್ಗುತ್ತದೆ. ಎಲ್ಲಿ ನಿಲ್ಲುವುದೆಂದರೆ, ಸುತ್ತಲಿನ ಗಾಳಿಯೊಡನೆ ಸಮನಾದಾಗ. ಗಾಳಿಯ ಆರ್ದ್ರತೆ ಶೇಕಡಾ 50 ಇರುವಲ್ಲಿ ಮರವು ಸುಮಾರು 9ರಲ್ಲಿ ನಿಲ್ಲುವುದು. 65 ಇದ್ದರೆ 12, 80 ಆದರೆ 16, 90 ಆದರೆ 20ರ ಹತ್ತಿರ. ಹೀಗಿರುವಾಗ ಒಣಮರವೆಂಬ ಮಾತಿಗೆ ಊರನ್ನೂ ಋತುವನ್ನೂ ಹೇಳದೆ ಅರ್ಥವೇ ಇಲ್ಲ. ಮಾಘದ ಬೆಂಗಳೂರಿಗೆ ಹದವಾದ ಹಲಗೆ ಆಷಾಢದ ಮಲೆನಾಡಿನಲ್ಲಿ ಬಾಯಾರಿದ ಹಲಗೆಯೇ ಸರಿ.

ಹಿಗ್ಗುವುದಾದರೂ ಎಲ್ಲ ದಿಕ್ಕಿಗೂ ಒಂದೇ ಸಮನಲ್ಲ. ತೇಗವು ಹಸಿಯಿಂದ ಪೂರ್ಣವಾಗಿ ಒಣಗುವವರೆಗೆ ವರ್ಷದುಂಗುರಗಳ ಸುತ್ತಿನಲ್ಲಿ ಶೇಕಡಾ 5.8ರಷ್ಟು, ತಿರುಳಿನಿಂದ ತೊಗಟೆಯ ಕಡೆಗೆ 2.5ರಷ್ಟು ಕುಗ್ಗುವುದು; ಉದ್ದದಲ್ಲಿ ಕುಗ್ಗುವುದು ಲೆಕ್ಕಕ್ಕೆ ಬಾರದು. ಇತರ ಅನೇಕ ಮರಗಳಿಗಿಂತ ಇದು ಸಾಧು. ಆದರೂ ಲೆಕ್ಕ ಹಾಕಿ ನೋಡಿರಿ. ಅಗಲದಲ್ಲಿ ತೇವದ ಒಂದು ಅಂಶಕ್ಕೆ ನೂರರಲ್ಲಿ 0.2 ಎಂದಿಟ್ಟುಕೊಂಡರೆ, 9ರಿಂದ 17ಕ್ಕೆ ಏರುವಾಗ ಹತ್ತಡಿ ಅಗಲದ ಕೋಣೆಯ ಹಲಗೆಗಳೆಲ್ಲ ಸೇರಿ ಸುಮಾರು ಎರಡು ಅಂಗುಲ ಹಿಗ್ಗಬೇಕು. ಗೋಡೆ ಸರಿಯುವುದಿಲ್ಲ, ಹಲಗೆಗೆ ಮೇಲೇಳುವುದೊಂದೇ ದಾರಿ. ಮೆರುಗೆಣ್ಣೆ ಬಳಿದರೆ ಈ ಭಯವಿಲ್ಲವೆಂದು ಅಂಗಡಿಯವರು ಹೇಳುವುದುಂಟು. ಎಣ್ಣೆಯು ನೀರಿನ ನಡಿಗೆಯನ್ನು ನಿಧಾನಮಾಡುವುದೇ ಹೊರತು ತಡೆಯಲಾರದು; ಮಳೆಗಾಲಕ್ಕೆ ನಾಲ್ಕು ತಿಂಗಳ ಅವಕಾಶವಿದೆ.

ತೀರ್ಮಾನವನ್ನು ಕೊಟ್ಟವರು ತಾಯಿಯವರೇ. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡು, “ಬೀಳುವುದೇ ಆದರೆ ಹಳೇ ನೆಲದ ಮೇಲೆಯೇ ಬೀಳುತ್ತೇನೆ ಕಣೋ. ಎದ್ದ ಹಲಗೆ ಎಡವಿ ಬೀಳುವುದಕ್ಕೆ ದುಡ್ಡು ಬೇರೆ ಕೊಡಬೇಕೆ?” ಎಂದರು. ಮಗನು ನಕ್ಕನು, ಆದರೆ ಮನಸ್ಸಿನ ಕಳವಳ ಹೋಗಲಿಲ್ಲ. ಮಂಚದಿಂದ ಬಚ್ಚಲಿನವರೆಗೆ ಚಾಪೆ, ಅದರ ಮೇಲೆ ಕಂಬಳಿ ಹಾಸಿ, ಗೋಡೆಗೆ ಹಿಡಿದು ನಡೆಯಲು ಒಂದು ಬಿದಿರಿನ ಗಳುವನ್ನು ಕಟ್ಟಿಸಿದೆವು. ಆ ಮಳೆಗಾಲದಲ್ಲಿ ರಾತ್ರಿ ಅವರ ಮಂಚ ಕಿರುಗುಟ್ಟಿದಾಗಲೆಲ್ಲ ನಾನು ಎದ್ದು ಕುಳಿತಿದ್ದೇನೆ.

ಹಲಗೆಗಳನ್ನು ಅದೇ ಕೋಣೆಯಲ್ಲಿ, ನಡುನಡುವೆ ರೀಪಿನ ತುಂಡುಗಳನ್ನಿಟ್ಟು, ಎಲ್ಲ ಮೈಗೂ ಗಾಳಿಯಾಡುವಂತೆ ಒಟ್ಟಿದೆವು. ಆಚಾರಿಯು ಒಂದು ಹಲಗೆಗೆ ಸುಣ್ಣದ ಗುರುತು ಹಾಕಿ, ವಾರಕ್ಕೊಮ್ಮೆ ಅಡಕೆ ತೂಗುವ ತಕ್ಕಡಿಯಲ್ಲಿ ತೂಗುತ್ತಿರಬೇಕೆಂದನು. ಬಂದ ದಿನ ಅದು 2 ಕಿಲೋ 930 ಗ್ರಾಂ ಇತ್ತು. ಶ್ರಾವಣದ ಕೊನೆಗೆ 3 ಕಿಲೋ 145 ಗ್ರಾಂ. ನೀರೆಂಬುದನ್ನು ಒಂದು ಹನಿಯೂ ಸೋಕಿಸದೆ, ಬರಿಯ ಗಾಳಿಯಿಂದಲೇ ಒಂದು ಹಲಗೆ ಇಷ್ಟನ್ನು ಕುಡಿದಿತ್ತು! ಮಗನು ಕಳುಹಿಸಿದ, ಎರಡು ಮುಳ್ಳುಗಳನ್ನು ಮರಕ್ಕೆ ಚುಚ್ಚಿ ವಿದ್ಯುತ್ತಿನ ಹರಿವಿನಿಂದ ತೇವವನ್ನು ಹೇಳುವ ಯಂತ್ರವು 17 ಎಂದು ತೋರಿಸಿತು. ತಕ್ಕಡಿಯ ಲೆಕ್ಕವೂ ಅದೇ. ಕಾರ್ತಿಕದಲ್ಲಿ ತೂಕವು 3 ಕಿಲೋ 65 ಗ್ರಾಮಿಗಿಳಿದು ಎರಡು ವಾರ ಅಲ್ಲಿಯೇ ನಿಂತಿತು. ಅಂದರೆ 14. ಮಳೆಗಾಲದ ಏರಿಗೂ ಬೇಸಗೆಯ ಇಳಿತಕ್ಕೂ ನಡುವಿನ ಸ್ಥಾನ. ಆಚಾರಿಯು ಉಳಿಯನ್ನು ಮಸೆದನು.

ನೆಲದ ಪರೀಕ್ಷೆಯನ್ನು ದೀಪಾವಳಿಗೆ ಬಂದ ಮಗನೇ ಮಾಡಿದನು. ಒಂದೂವರೆ ಅಡಿ ಚೌಕದ ಪಾರದರ್ಶಕ ಪಾಲಿಥೀನ್ ಹಾಳೆಯ ನಾಲ್ಕೂ ಅಂಚನ್ನು ಪಟ್ಟಿಯಿಂದ ನೆಲಕ್ಕೆ ಬಿಗಿಯಾಗಿ ಅಂಟಿಸಿ, ಹದಿನಾರು ಗಂಟೆಗಿಂತ ಹೆಚ್ಚು ಹೊತ್ತು ಬಿಟ್ಟು ನೋಡುವುದು. ಹಾಳೆಯ ಅಡಿಯಲ್ಲಿ ಹನಿ ಕಟ್ಟಿದರೆ ತೇವವು ಭೂಮಿಯಿಂದ ಬರುತ್ತಿದೆಯೆಂದು ಅರ್ಥ. ಮಳೆ ನಿಂತು ತಿಂಗಳಾದರೂ ನಮ್ಮಲ್ಲಿ ಹನಿ ಕಟ್ಟಿತ್ತು. ಹಲಗೆಯನ್ನು ನೆಲಕ್ಕೆ ಅಂಟಿಸುವ ಮಾತು ಅಲ್ಲಿಗೆ ಮುಗಿಯಿತು. ಕೋಣೆಗೆಲ್ಲ ದಪ್ಪ ಹಾಳೆಯನ್ನು, ಒಂದರ ಮೇಲೊಂದು ಅರ್ಧ ಅಡಿ ಬರುವಂತೆ ಹಾಸಿ, ಗೋಡೆಗೆ ನಾಲ್ಕು ಬೆರಳು ಏರಿಸಿ, ಅದರ ಮೇಲೆ ಗೆದ್ದಲ ಮದ್ದು ಬಳಿದ ಅಡ್ಡಪಟ್ಟಿಗಳನ್ನು ಹಾಳೆಗೆ ತೂತಾಗದಂತೆ ಇಟ್ಟು, ಅವುಗಳಿಗೆ ಹಲಗೆಯನ್ನು ಜಡಿದದ್ದಾಯಿತು. ಹೊಸ ಮನೆ ಕಟ್ಟುವವರಿಗೆ ಇಲ್ಲಿಯೇ ಒಂದು ಮಾತು: ಹೊಸ ಕಾಂಕ್ರೀಟಿನ ನೆಲವು ಒಳ್ಳೆಯ ಬಿಸಿಲುಗಾಳಿಯಲ್ಲಿಯೂ ಅಂಗುಲ ದಪ್ಪಕ್ಕೆ ಸುಮಾರು ಒಂದು ತಿಂಗಳನ್ನು ಬೇಡುತ್ತದೆ. ಗೃಹಪ್ರವೇಶದ ಮುಹೂರ್ತವನ್ನು ಪುರೋಹಿತರಲ್ಲಿ ಕೇಳುವವರು ಇದನ್ನು ಗಾರೆಯವನಲ್ಲಿಯೂ ಕೇಳಿಕೊಳ್ಳಲಿ.

ಹಲಗೆಗಳ ಉದ್ದಕ್ಕೆ ಸಮನಾದ ಎರಡು ಗೋಡೆಗಳ ಬಳಿ ಆಚಾರಿಯು ಅರ್ಧ ಅಂಗುಲ ಸಂದು ಬಿಟ್ಟು, ಗೋಡೆಗೆ ಮಾತ್ರ ತಾಗಿದ ಮರದ ಪಟ್ಟಿಯಿಂದ ಅದನ್ನು ಮರೆಮಾಡಿದನು. ಕಿಟಕಿಯ ಕೆಳಗಿನ ಪಟ್ಟಿಯೊಂದನ್ನು ತಿರುಪುಮೊಳೆಯಿಂದ ಬಿಗಿದು, ಬೇಕೆಂದಾಗ ತೆಗೆದು ನೋಡುವಂತೆ ಮಾಡಿಕೊಟ್ಟನು.

ತಾಯಿಯವರು ಬಿದಿರನ್ನು ಹಿಡಿಯದೆಯೇ ಕೋಣೆಯನ್ನು ದಾಟುತ್ತಾರೆ. ಕಷ್ಟಕ್ಕೆ ಬಂದವಳು ನನ್ನ ಪತ್ನಿ. ನಲವತ್ತು ವರ್ಷ ದಿನಂಪ್ರತಿ ಬಕೆಟ್ಟು ನೀರು ಸುರಿದು ನೆಲ ಒರೆಸಿದ ಕೈಗೆ, ಹಿಂಡಿ ಹಿಂಡಿ ಒಣಗಿದಂತಾದ ಬಟ್ಟೆಯಿಂದ ಒರೆಸಿದ್ದು ಮಡಿಯೇ ಅಲ್ಲವೆಂದು ತೋರುತ್ತದೆ. ಚೈತ್ರದಲ್ಲಿ ಹಲಗೆಗಳ ನಡುವೆ ಅಂಚೆಕಾರ್ಡು ಹೊಗುವಷ್ಟು ಬಿರುಕು ಕಾಣಿಸಿದಾಗ ಅವಳು ಮೇಣ ತುಂಬಿಸೋಣವೆಂದಳು, ಆಚಾರಿಯು ಬೇಡವೆಂದನು. ಮೊದಲನೆಯ ಶ್ರಾವಣದಲ್ಲಿ ಆ ಬಿರುಕುಗಳು ತಾವೇ ಮುಚ್ಚಿದವು. ಕಿಟಕಿಯ ಕೆಳಗಿನ ಪಟ್ಟಿಯನ್ನು ತೆಗೆದು ಸಂದನ್ನು ಅಳೆದೆ: ಅರ್ಧ ಅಂಗುಲವಿದ್ದದ್ದು ಕಾಲು ಅಂಗುಲಕ್ಕೂ ಕಡಿಮೆಯಾಗಿತ್ತು. ಹಲಗೆ ಗೋಡೆಗೆ ತಾಗಿರಲಿಲ್ಲ.