ಗೊಟಗೋಡಿಯಲ್ಲಿ ಒಂದು ಪತ್ತೇದಾರಿ

ಹುಬ್ಬಳ್ಳಿಯನ್ನು ಬಿಟ್ಟು ಬೆಂಗಳೂರಿನ ಹೆದ್ದಾರಿಯನ್ನು ಹಿಡಿದ ಪ್ರಯಾಣಿಕನಿಗೆ, ವರೂರಿನ ನವಗ್ರಹ ತೀರ್ಥದ ಎತ್ತರವಾದ ಪಾರ್ಶ್ವನಾಥ ಮೂರ್ತಿ ಕಂಡು ಮರೆಯಾದ ಬಳಿಕ, ನೆಲದ ಬಣ್ಣ ಮೆಲ್ಲನೆ ಬದಲಾಗುವುದು ಕಾಣುತ್ತದೆ. ಎರೆಯೂ ಮಸಾರಿಯೂ ಒಂದರ ಮಗ್ಗುಲಿಗೆ ಒಂದು ಬಂದು ನಿಲ್ಲುತ್ತವೆ. ಹತ್ತಿಯ ಹೊಲ ಮುಗಿದಲ್ಲಿ ಗೋವಿನಜೋಳದ ಹೊಲ. ಅದರಾಚೆಗೆ ಒಂದೆರಡು ಬೇವಿನ ಮರಗಳ ನೆರಳು. ಇದು ಮಲೆನಾಡೂ ಅಲ್ಲ, ಪೂರ್ತಿ ಬಯಲುನಾಡೂ ಅಲ್ಲ. ಎರಡರ ನಡುವಿನ ಹೊಸ್ತಿಲು. ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಗೊಟಗೋಡಿ ಎಂಬ ಊರು ಇರುವುದು ಈ ಹೊಸ್ತಿಲಿನ ಮೇಲೆ.

ಸುತ್ತಲಿನ ನೆಲ ಸಾಮಾನ್ಯವಾದುದಲ್ಲ. ಇದೇ ತಾಲೂಕಿನ ಬಾಡ ಕನಕದಾಸರ ಹುಟ್ಟೂರು. ಇದೇ ತಾಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿ, 1889ರಲ್ಲಿ ಕಣ್ಮುಚ್ಚಿದ ಶರೀಫ ಸಾಹೇಬರು ಹಿಂದೂ ಮುಸಲ್ಮಾನರಿಬ್ಬರಿಗೂ ಗುರುವಾದರು. ಬಂಕಾಪುರದ ಕೋಟೆಯಲ್ಲಿ ನಗರೇಶ್ವರನ ಗುಡಿಯ ಸುತ್ತ ಇಂದಿಗೂ ನವಿಲುಗಳು ಕೂಗುತ್ತವೆ. ನೆರೆಯ ಸವಣೂರಿನಲ್ಲಿ 1909ರಲ್ಲಿ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದರು. ಅಲ್ಲಿಯ ದೊಡ್ಡ ಹುಣಸೆಮರಗಳನ್ನು ನೋಡದೆ ಬಂದವರನ್ನು ಆ ಊರಿನವರು ಸವಣೂರು ನೋಡಿದವರೆಂದು ಒಪ್ಪುವುದಿಲ್ಲ. ಇಂಥ ಹಿರಿಯ ನೆರೆಹೊರೆಯ ನಡುವೆ ಗೊಟಗೋಡಿ ಬಹುಕಾಲ ಹೆಸರಿಲ್ಲದೆ ಇದ್ದ ಹಳ್ಳಿ. ಈಗ ಅದಕ್ಕೆ ಎರಡು ಹೆಸರುಗಳು: ಒಂದು ಉತ್ಸವ ರಾಕ್ ಗಾರ್ಡನ್, ಇನ್ನೊಂದು 2011ರಲ್ಲಿ ಹುಟ್ಟಿದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ.

ಒಂದು ಭಾನುವಾರದ ಬೆಳಿಗ್ಗೆ ಹುಬ್ಬಳ್ಳಿಯ ಒಂದು ಕುಟುಂಬ ಈ ಹಾದಿಯನ್ನು ಹಿಡಿದು ಹೊರಟಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗ, ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡ ಸೊಸೆ, ಕಾಲೇಜಿನಲ್ಲಿ ಓದುವ ಮೊಮ್ಮಗಳು, ಮತ್ತು ಎಂಬತ್ತರ ಅಂಚಿನಲ್ಲಿದ್ದ, ಮಾಸ್ತರಿಕೆಯಿಂದ ನಿವೃತ್ತರಾದ ಅಜ್ಜ. ಕಾರು ಊರು ದಾಟುವ ಮೊದಲೇ ಅಜ್ಜ ಮೊಮ್ಮಗಳ ನಡುವೆ ಜಗಳ ಹತ್ತಿಕೊಂಡಿತ್ತು. ಜಗಳದ ಮೂಲ ಶರ್ಲಾಕ್ ಹೋಮ್ಸ್.

ಹಿಂದಿನ ರಾತ್ರಿ ಮೊಮ್ಮಗಳು ಟೆಲಿವಿಷನ್ನಿನಲ್ಲಿ 2010ರಲ್ಲಿ ಆರಂಭವಾದ ಬಿ.ಬಿ.ಸಿ.ಯ 'ಶರ್ಲಾಕ್' ಮಾಲಿಕೆಯನ್ನು ಹಾಕಿದ್ದಳು. ಅಜ್ಜ ಹತ್ತು ನಿಮಿಷ ನೋಡಿ ಎದ್ದು ಹೋಗಿದ್ದರು.

"ಹೋಮ್ಸ್ ಅಂದ್ರ ಕುದುರೆ ಗಾಡಿ, ದಟ್ಟ ಮಂಜು, ಗ್ಯಾಸಿನ ದೀಪ. ಅದನ್ನೆಲ್ಲಾ ಕಿತ್ತೊಗದು ಕೈಯಾಗ ಮೊಬೈಲ್ ಕೊಟ್ರ ಆಂವ ಹೋಮ್ಸ್ ಹ್ಯಾಂಗ ಆದಾನು?" ಎಂಬುದು ಅಜ್ಜನ ವಾದ.

ಅಜ್ಜನ ಮಾತಿಗೆ ಅಧಿಕಾರವಿಲ್ಲದಿರಲಿಲ್ಲ. ಧಾರವಾಡದಲ್ಲಿ ಓದುತ್ತಿದ್ದಾಗ ಅವರು ಕಾನನ್ ಡಾಯ್ಲನ ನಾಲ್ಕು ಕಾದಂಬರಿಗಳನ್ನೂ ಐವತ್ತಾರು ಕಥೆಗಳನ್ನೂ ವಾಚನಾಲಯದಲ್ಲಿ ಕುಳಿತು ಮುಗಿಸಿದವರು. ಅದಕ್ಕೂ ಮೊದಲು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದ ನಡುವೆ ಅಡಗಿಸಿ ಓದಿದವರು. 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದ ನರಸಿಂಹಯ್ಯನವರಿಂದ ಓದುವ ಚಟವನ್ನು ಕಲಿತ ಕನ್ನಡಿಗರಿಗೆ ಲೆಕ್ಕವಿಲ್ಲ. ಅವರಲ್ಲಿ ಅಜ್ಜನೂ ಒಬ್ಬರು.

"ಅಜ್ಜಾ, ನೀ ಗಡಿಯಾರದ ಪ್ರಸಂಗ ನೋಡೂದ್ರೊಳಗ ಎದ್ದು ಹೋದಿ" ಎಂದಳು ಮೊಮ್ಮಗಳು.

ಗಡಿಯಾರದ ಪ್ರಸಂಗ ಅಜ್ಜನಿಗೆ ಬಾಯಿಪಾಠ. 'ದಿ ಸೈನ್ ಆಫ್ ಫೋರ್' ಕಾದಂಬರಿಯಲ್ಲಿ ವಾಟ್ಸನ್ ತನ್ನ ಜೇಬಿನ ಗಡಿಯಾರವನ್ನು ಹೋಮ್ಸನ ಕೈಗೆ ಕೊಡುತ್ತಾನೆ. ಕೀಲಿ ಕೊಡುವ ರಂಧ್ರದ ಸುತ್ತ ಗೀರುಗಳಿರುವುದನ್ನು ಕಂಡು ಹೋಮ್ಸ್, ಇದರ ಮೊದಲಿನ ಒಡೆಯ ಕುಡುಕನೆಂದು ಹೇಳಿಬಿಡುತ್ತಾನೆ. ಕುಡಿದವನ ಕೈ ನಡುಗಿ ಕೀಲಿ ಜಾರಿದ ಗುರುತುಗಳವು. ಹೊಸ ಮಾಲಿಕೆಯಲ್ಲಿ ಗಡಿಯಾರವಿಲ್ಲ, ಮೊಬೈಲ್ ಇದೆ. ಅದಕ್ಕೆ ವಿದ್ಯುತ್ ತುಂಬುವ ರಂಧ್ರದ ಸುತ್ತ ಅದೇ ಗೀರುಗಳಿವೆ. ನಡುಗುವ ಕೈ ಅದೇ, ಊಹೆ ಅದೇ. ವಾಟ್ಸನ್ 1887ರ ಮೊದಲ ಕಾದಂಬರಿಯಲ್ಲಿ ಆಫ್ಘಾನಿಸ್ತಾನದ ಯುದ್ಧದಿಂದ ಗಾಯಗೊಂಡು ಮರಳಿದವನು. 2010ರಲ್ಲಿಯೂ ಅವನು ಮರಳುವುದು ಆಫ್ಘಾನಿಸ್ತಾನದ ಯುದ್ಧದಿಂದಲೇ! ನೂರಿಪ್ಪತ್ತಮೂರು ವರ್ಷಗಳಲ್ಲಿ ಲೋಕ ಅಷ್ಟೊಂದು ಬದಲಾಗಿ, ಅಷ್ಟೊಂದು ಬದಲಾಗದೆ ಉಳಿದಿದೆಯೆಂದರೆ ಕಥೆ ಹೊಸದಾಗಲು ಅಡ್ಡಿಯೇನು?

ಅಜ್ಜ ಒಂದು ಕ್ಷಣ ಸುಮ್ಮನಾದರು. "ಗೀರಿನ ಮಾತು ಛಲೋ ಹಿಡಿದಾನ" ಎಂದು ಒಪ್ಪಿಕೊಂಡರು. "ಆದ್ರೂ ನಮ್ಮ ದೂರದರ್ಶನದ ಬ್ಯೋಮಕೇಶ ನೋಡು. ಧೋತರ ಬಿಡಲಿಲ್ಲ, ಕಲಕತ್ತಾ ಬಿಡಲಿಲ್ಲ."

ಅದೂ ನಿಜವೆ. ಬಾಸು ಚಟರ್ಜಿಯವರು 1993ರಲ್ಲಿ ತೆರೆಗೆ ತಂದ ಬ್ಯೋಮಕೇಶ ಬಕ್ಷಿಯ ಮಾಲಿಕೆ ಹಳೆಯ ಕಲಕತ್ತೆಯನ್ನು ಹಳೆಯದಾಗಿಯೇ ಇರಿಸಿಕೊಂಡಿತು. ಇಂಗ್ಲೆಂಡಿನಲ್ಲಿಯೂ 1984ರಿಂದ ಹತ್ತು ವರ್ಷಗಳ ಕಾಲ ಜೆರೆಮಿ ಬ್ರೆಟ್ ಎಂಬ ನಟ ಕುದುರೆ ಗಾಡಿಯ ಕಾಲದ ಹೋಮ್ಸನಾಗಿಯೇ ಜನಮನ ಗೆದ್ದ. ಉಡುಗೆಯನ್ನು ಬದಲಿಸಿದವರೂ ಗೆದ್ದಿದ್ದಾರೆ, ಬದಲಿಸದವರೂ ಗೆದ್ದಿದ್ದಾರೆ. ಹಾಗಾದರೆ ಗೆಲುವಿನ ಗುಟ್ಟು ಉಡುಗೆಯಲ್ಲಿ ಇಲ್ಲವೆಂದಾಯಿತು. ಮತ್ತೆಲ್ಲಿದೆ? ಕಾರಿನಲ್ಲಿ ಯಾರಲ್ಲಿಯೂ ಉತ್ತರವಿರಲಿಲ್ಲ. ಅಷ್ಟರಲ್ಲಿ ಗೊಟಗೋಡಿ ಬಂದಿತು.

ಉತ್ಸವ ರಾಕ್ ಗಾರ್ಡನ್ ಹೆಸರಿಗೆ ಬಂಡೆಗಳ ತೋಟ; ಆದರೆ ಅದು ನಿಜಕ್ಕೂ ಒಂದು ಊರು. ಆಳೆತ್ತರದ ಪ್ರತಿಮೆಗಳ ಊರು. ಚಿಕ್ಕವೂ ದೊಡ್ಡವೂ ಸೇರಿ 2000ಕ್ಕೂ ಮಿಕ್ಕಿದ ಪ್ರತಿಮೆಗಳು ಇಲ್ಲಿ ತಮ್ಮ ತಮ್ಮ ಕೆಲಸದಲ್ಲಿ ಮುಳುಗಿವೆ. ಬೇಸಾಯ, ಕಸುಬು, ದನ ಕಾಯುವುದು, ಕುರಿ ಸಾಕುವುದು, ಮನೆಯೊಳಗಿನ ದಿನದ ಬಾಳು ಎಲ್ಲವೂ ಸಿಮೆಂಟಿನಲ್ಲಿ ಮೂಡಿ, ಬಣ್ಣ ಹೊತ್ತು ನಿಂತಿವೆ. ಇದರ ಹಿಂದಿನ ಕಲ್ಪನೆ ಇದೇ ಸೀಮೆಯ ಕಲಾವಿದ ಟಿ. ಬಿ. ಸೊಲಬಕ್ಕನವರದು, ಅವರೊಡನೆ ಅನೇಕ ಕಲಾವಿದರ ಕೈಗಳು ದುಡಿದಿವೆ. ಡಾ. ರಾಜಕುಮಾರರ ಚಿತ್ರಪಾತ್ರಗಳಿಗೂ ಇಲ್ಲಿ ಜಾಗವುಂಟು. 1960ರಲ್ಲಿ ಇದೇ ನೆಲದ ಕನಕದಾಸರಾಗಿ ತೆರೆಯ ಮೇಲೆ ಭಕ್ತಿಯನ್ನು ಹರಿಸಿದ ಆ ನಟನೇ 1968ರ 'ಜೇಡರ ಬಲೆ'ಯಲ್ಲಿ ಕೋಟು ತೊಟ್ಟು ಪತ್ತೇದಾರ ಸಿ.ಐ.ಡಿ. 999 ಆದುದನ್ನು ನೆನೆದರೆ, ಉಡುಗೆಯ ಮಾತು ಇನ್ನೂ ಹಗುರವಾಗುತ್ತದೆ.

ಅಜ್ಜ ಕುರಿಗಾಹಿಯ ಪ್ರತಿಮೆಯೊಂದರ ಮುಂದೆ ಬಹಳ ಹೊತ್ತು ನಿಂತರು. ಸುತ್ತು ಹಾಕಿದರು. ಬಗ್ಗಿ ಪಾದವನ್ನು ನೋಡಿದರು, ಮೇಲೆದ್ದು ಹೆಗಲನ್ನು ನೋಡಿದರು.

"ಇದನ್ನ ಮಾಡಿದಾಂವ ಫೋಟೋ ನೋಡಿ ಮಾಡಿಲ್ಲ. ಹೊಲದಾಗ ನಿಂತು ನೋಡ್ಯಾನ" ಎಂದರು.

"ಹ್ಯಾಂಗ ಗೊತ್ತಾತು ಅಜ್ಜಾ?"

"ಹೆಗಲು ನೋಡು. ವರ್ಷಗಟ್ಟಲೆ ಕಂಬಳಿ ಹೊತ್ತಾಂವನ ಮೈ ನಿಂತಾಗ ಒಂದು ಕಡೆ ವಾಲತೈತಿ. ಪ್ಯಾಟಿ ಮನಿಶ್ಯಾ ಕಂಬಳಿ ಹೊತ್ರ ಹಿಂಗ ನಿಂದ್ರೂದಿಲ್ಲ."

ಮೊಮ್ಮಗಳು ನಕ್ಕಳು. "ಅಜ್ಜಾ, ಗಡಿಯಾರ ನೋಡಿದ ಹೋಮ್ಸ್ ನೀನ ಆದ್ಯಲ್ಲ!"

ನಗೆಯ ಮಾತಾದರೂ ಅದರಲ್ಲಿ ಹಾದಿಯಲ್ಲಿ ಸಿಗದಿದ್ದ ಉತ್ತರವಿತ್ತು. ಕುರಿಗಾಹಿಯ ಮೈ ಮಾಂಸದಿಂದ ಸಿಮೆಂಟಿಗೆ ಬಂದಿದೆ, ಉಸಿರು ನಿಂತಿದೆ, ಕುರಿಗಳು ಮೇಯುವುದಿಲ್ಲ; ಬದಲಾಗದೆ ಉಳಿದುದು ಕೆಲಸವು ಮೈಯ ಮೇಲೆ ಒತ್ತಿದ ಮುದ್ರೆಯೊಂದೇ. ಆ ಮುದ್ರೆ ಸರಿಯಾಗಿರುವುದರಿಂದಲೇ ಬಲ್ಲವನ ಕಣ್ಣು ಅದನ್ನು ಕುರಿಗಾಹಿಯೆಂದು ಒಪ್ಪಿತು. ಹೋಮ್ಸನ ಮುದ್ರೆ ಕುದುರೆ ಗಾಡಿಯಲ್ಲ. ಗೀರಿನಿಂದ ಮನುಷ್ಯನನ್ನು ಓದುವ ಬಗೆ. ಅದನ್ನು ಹಿಡಿದವನು ಮಿಕ್ಕುದನ್ನು ಬಿಡಬಹುದು. ಅದನ್ನು ಬಿಟ್ಟವನು ಲಂಡನ್ನಿನ ಮಂಜನ್ನೆಲ್ಲ ತೆರೆಯ ಮೇಲೆ ತುಂಬಿದರೂ ಬರಿಯ ಮಂಜನ್ನೇ ತೋರಿಸಿಯಾನು.

ಬುತ್ತಿ ಬಿಚ್ಚಿದ್ದು ಮರದ ನೆರಳಿನಲ್ಲಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಊಟದ ನಡುವೆ ಮಾತು ಸೊಲಬಕ್ಕನವರ ಕಡೆಗೆ ಹರಿಯಿತು. 2020ರಲ್ಲಿ ತೀರಿಕೊಂಡ ಅವರು ಪ್ರತಿಮೆಗಳಿಗೆ ಮಾತ್ರ ಹೆಸರಾದವರಲ್ಲ. ಉತ್ತರ ಕರ್ನಾಟಕದ ದೊಡ್ಡಾಟವನ್ನು ಇಂದಿನ ಪ್ರೇಕ್ಷಕರಿಗೆ ಒಗ್ಗುವಂತೆ ಪರಿಷ್ಕರಿಸಲು ದುಡಿದವರು. ದೊಡ್ಡಾಟದ ಮಾತು ಬಂದೊಡನೆ ಅಜ್ಜನ ಕೈಯೊಳಗಿನ ರೊಟ್ಟಿ ಹಾಗೆಯೇ ನಿಂತಿತು.

ದೊಡ್ಡಾಟವೆಂದರೆ ಒಂದು ಇರುಳಿಡೀ ನಡೆಯುವ ಆಟ. ರಾಮಾಯಣ, ಭಾರತ, ಪುರಾಣಗಳ ಕಥೆ. ಕಿರೀಟ, ಭುಜಕೀರ್ತಿಗಳ ಭಾರವಾದ ವೇಷ, ಹಿಂದೆ ನಿಂತು ಹಾಡುವ ಮೇಳ, ಮದ್ದಳೆ, ತಾಳ. ಆಡುವವರು ಹಗಲು ಹೊಲದಲ್ಲಿ ದುಡಿದು, ತಿಂಗಳುಗಟ್ಟಲೆ ಇರುಳು ತಾಲೀಮು ಮಾಡಿದ ಒಕ್ಕಲು ಮಕ್ಕಳು. ಪ್ರತಿಯೊಂದು ವೇಷವೂ ಅಟ್ಟದ ಮೇಲೆ ಬಂದಾಗ ಸಾರಥಿಯೆಂಬುವನು ಎದುರು ನಿಂತು ಪ್ರಶ್ನೆ ಮಾಡುತ್ತಾನೆ: ಬಂದವರು ಯಾರು, ಎಲ್ಲಿಯವರು, ಬಂದ ಕಾರಣವೇನು? ಅವನು ಆಟದೊಳಗಿನವನೂ ಹೌದು, ಪ್ರೇಕ್ಷಕರ ಕಡೆಯವನೂ ಹೌದು. ನಗಿಸುವವನೂ ಅವನೆ. ಅಜ್ಜ ಹುಡುಗರಾಗಿದ್ದಾಗ ಸವಣೂರು ಸೀಮೆಯ ತಮ್ಮ ಊರಿನಲ್ಲಿ ಎರಡು ವರ್ಷ ಸಾರಥಿಯ ಪಾತ್ರ ವಹಿಸಿದ್ದರು.

"ಹಂಗಾದ್ರ ಸಾರಥಿ ಅಂದ್ರ ವಾಟ್ಸನ್!" ಎಂದಳು ಮೊಮ್ಮಗಳು.

ಅಜ್ಜ ಬೆರಗಾಗಿ ನೋಡಿದರು. ವಾಟ್ಸನ್ ಕೇಳದಿದ್ದರೆ ಹೋಮ್ಸ್ ತನ್ನ ಊಹೆಯನ್ನು ಬಾಯಿಬಿಟ್ಟು ಹೇಳುವನೆ? ಓದುಗನ ಪರವಾಗಿ ತಿಳಿಯದವನಾಗಿ ನಿಂತು ಕೇಳುವವನು ಒಬ್ಬ ಬೇಕೇಬೇಕು. ಲಂಡನ್ನಿನ ಡಾಕ್ಟರಿಗೂ ಸವಣೂರಿನ ಸಾರಥಿಗೂ ಕೆಲಸ ಒಂದೇ.

ಆಗ ಅಷ್ಟು ಹೊತ್ತು ಸುಮ್ಮನಿದ್ದ ಮಗ ಬಾಯಿ ಹಾಕಿದರು. "ಅಪ್ಪಾ, ಹಂಗಿದ್ರ ಇಡೀ ರಾತ್ರಿ ಆಟಾನ ಎರಡು ತಾಸಿಗೆ ಇಳಿಸಿದ್ರ ತಪ್ಪೇನು? ಮುದ್ರೆ ಉಳದ್ರ ಸಾಕಲ್ಲ?"

ಅಜ್ಜ ಕೂಡಲೆ ಉತ್ತರಿಸಲಿಲ್ಲ. ಕೈ ತೊಳೆದುಕೊಂಡು ಬಂದು ಕುಳಿತ ಮೇಲೆ ಹೇಳಿದರು: "ತಪ್ಪಲ್ಲ. ಇಳಿಸದಿದ್ರ ನೋಡವರ ಇರೂದಿಲ್ಲ. ಆದ್ರ ಒಂದು ಮಾತು ತಿಳಕೋ. ಟಿ.ವಿ.ಯವರು ಹೋಮ್ಸನ್ನ ಕೆಡಿಸಿದ್ರ ಪುಸ್ತಕ ಕಪಾಟಿನ್ಯಾಗ ಹಂಗ ಇರತೈತಿ. ನಮ್ಮ ಆಟ ಕೆಟ್ರ ಎಲ್ಲಿ ಐತಿ ಪುಸ್ತಕ?"

ಯಾರೂ ಮಾತಾಡಲಿಲ್ಲ. ಹೊಸ ಶರ್ಲಾಕ್ ಸೋತಿದ್ದರೂ ಡಾಯ್ಲನ ಒಂದಕ್ಷರ ಅಳಿಯುತ್ತಿರಲಿಲ್ಲ. ದೊಡ್ಡಾಟದ ಪದಗಳು ಅಲ್ಲಲ್ಲಿ ಬರಹದಲ್ಲಿ ಉಳಿದಿರಬಹುದು; ಕುಣಿತದ ಹೆಜ್ಜೆ, ಮಾತಿನ ಏರಿಳಿತ, ಸಾರಥಿ ಆ ಕ್ಷಣದಲ್ಲಿ ಕಟ್ಟುವ ನಗೆಯ ಮಾತು, ಇವು ಉಳಿಯುವುದು ಮನುಷ್ಯನ ಮೈಯಲ್ಲಿ. ಅವನು ಹೋದರೆ ಅವೂ ಹೋದವು. ಹೀಗಾಗಿ ಜನಪದ ಕಲೆಯನ್ನು ಹೊಸದು ಮಾಡುವವನ ಹೊಣೆ ಟೆಲಿವಿಷನ್ನಿನವನ ಹೊಣೆಗಿಂತ ಹಿರಿದು. ಬದಲಿಸುವ ಮೊದಲು ಅವನು ಇದ್ದುದನ್ನು ಇದ್ದಂತೆಯೇ ಕಾಪಿಡಬೇಕು. ಶರೀಫರ ಪದಗಳು ಏಕತಾರಿಯಿಂದ ಸಿ. ಅಶ್ವಥ್ ಅವರ ದನಿಗೆ, ಅಲ್ಲಿಂದ 1990ರಲ್ಲಿ ನಾಗಾಭರಣರು ತೆಗೆದ ಚಲನಚಿತ್ರಕ್ಕೆ ಹಾಯಾಗಿ ದಾಟಿದವೆಂದರೆ, ಅವನ್ನು ಬಾಯಿಂದ ಬಾಯಿಗೆ ಹಾಡುತ್ತ ಉಳಿಸಿದ ಜನ ಮೊದಲು ಇದ್ದರು ಎಂಬುದೇ ಕಾರಣ. ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯ ಬೇಕೆ ಎಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ. ಪ್ರತಿಮೆಗಳ ಊರಿನ ಹತ್ತಿರದಲ್ಲಿಯೇ ಅದು ನೆಲೆಸಿರುವುದೂ ಉಚಿತವಾಗಿಯೇ ಇದೆ.

ಬಿಸಿಲು ಇಳಿಯುತ್ತಿತ್ತು. ಮೊಮ್ಮಗಳು ಮೊಬೈಲನ್ನು ಅಜ್ಜನ ಎದುರಿಗೆ ಹಿಡಿದಳು. "ಅಜ್ಜಾ, ಸಾರಥಿ ಮಾತು ಒಂದಿಷ್ಟು ಹೇಳು."

ಮೊದಲು ನಾಚಿಕೆ ಪಟ್ಟರು. ಬಳಿಕ ಎದ್ದು ನಿಂತರು. ಬೆನ್ನು ನೆಟ್ಟಗಾಯಿತು, ದನಿ ಮನೆಯ ದನಿಯಾಗಿ ಉಳಿಯಲಿಲ್ಲ. ಪಕ್ಕದಲ್ಲಿ ಹಾದು ಹೋಗುತ್ತಿದ್ದ ಶಾಲೆಯ ಮಕ್ಕಳು ನಿಂತು ನೋಡತೊಡಗಿದರು. ಹತ್ತಾರು ಮಾತುಗಳಾದ ಮೇಲೆ ಅಜ್ಜ ಥಟ್ಟನೆ ನಿಂತುಬಿಟ್ಟರು. ಮುಂದಿನದು ನೆನಪಿಗೆ ಬರಲಿಲ್ಲ. ಅರವತ್ತು ವರ್ಷಗಳ ಧೂಳು ಒಮ್ಮೆಲೆ ಕೊಡವಿ ಹೋಗುವಂಥದಲ್ಲ.

"ಆಮ್ಯಾಲೆ, ಅಜ್ಜಾ? ಬಂದವರು ಯಾರು?" ಎಂದು ಕೇಳಿದಳು ಮೊಮ್ಮಗಳು.

ಅದು ಸಾರಥಿ ಕೇಳುವ ಪ್ರಶ್ನೆ. ಕೇಳಿದವಳಿಗೆ ಅದರ ಅರಿವಿರಲಿಲ್ಲ. ಅಜ್ಜನ ಮುಖದಲ್ಲಿ ಏನೋ ಹೊಳೆಯಿತು. ತಪ್ಪಿದ ಮಾತು ಮರಳಿ ಬಂದಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಬೆಳಿಗ್ಗೆ ಹೋಮ್ಸನ ಕೈಯಲ್ಲಿ ಸಲ್ಲದೆಂದು ಅಜ್ಜ ಜಗಳವಾಡಿದ್ದ ಅದೇ ಮೊಬೈಲು ಆ ಮಾತುಗಳನ್ನೆಲ್ಲ ತುಂಬಿಕೊಳ್ಳುತ್ತಿತ್ತು. ಕಾರು ಹುಬ್ಬಳ್ಳಿಗೆ ತಿರುಗಿದಾಗ ಅಜ್ಜ ಇನ್ನೂ ಹೇಳುತ್ತಲೇ ಇದ್ದರು, ಮೊಮ್ಮಗಳು ಕೇಳುತ್ತಲೇ ಇದ್ದಳು.